ವೃತ್ತದ ಮೇಲೆ ಹಾರುತ್ತಿದ್ದ ಬಿಂದು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಟೀಚರ್. ಕರ್ನಾಟಕದ ವೀಡಿಯೊಗಳು ಕನ್ನಡದಲ್ಲಿದ್ದರೂ ಪಾಠ ಬೇರೆ. ಕೇರಳದ ವೀಡಿಯೊಗಳಲ್ಲಿ ಪಾಠ ನಮ್ಮದೇ, ಭಾಷೆ ಹೆಚ್ಚಾಗಿ ಮಲಯಾಳ. ಹಾಗಾಗಿ ಹತ್ತನೆಯವರಿಗೆ ನಾನೇ ಆಕೃತಿ ಬಿಡಿಸುವ ಗಣಿತದ ಆ್ಯಪ್ ಜಿಯೋಜೀಬ್ರಾ ತೆರೆದು, ಪರದೆಯನ್ನು ವೀಡಿಯೊ ಮಾಡುವ ಒಬಿಎಸ್‌ನಲ್ಲಿ ರೆಕಾರ್ಡ್ ಮಾಡಲು ಕೂತೆ.

ಅರ್ಧವೃತ್ತದ ಮೇಲಿನ ಬಿಂದುವನ್ನು ಎತ್ತ ಎಳೆದರೂ ಕೋನ 90 ಡಿಗ್ರಿಯಲ್ಲೇ ನಿಲ್ಲುತ್ತದೆ. ಬಿಂದು ಜಾರುವುದನ್ನು ನೋಡುವುದೇ ಆ ಪಾಠ. ವೀಡಿಯೊ ಕಳಿಸಿದ ಸಂಜೆಯೇ ಒಬ್ಬಳ ವಾಯ್ಸ್ ಮೆಸೇಜ್: "ಟೀಚರೇ, ಬಿಂದು ಹಾರಿ ಹಾರಿ ಹೋಗ್ತದೆ, ಸ್ವರ ಮಾತ್ರ ಸರಿ ಉಂಟು."

ಪೇಟೆಯ ಅಂಗಡಿಯವರು "ಹಳೇ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಹಾಕಿಸಿ" ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಬಿಟ್‌ರೇಟ್ 6000 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 6000 ಕಿಲೋಬಿಟ್; ಬೈಟ್ ಮಾಡಲು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ. ಅಷ್ಟು ಬರೆಯಲಾಗದ ಡಿಸ್ಕ್ ಎಲ್ಲಿಯದು? ದುಡ್ಡು ಉಳಿಯಿತು.

ಆಮೇಲೆ ಒಬಿಎಸ್‌ನ ವ್ಯೂ ಮೆನುವಿನೊಳಗಿನ ಸ್ಟ್ಯಾಟ್ಸ್ (ಅಂಕಿಅಂಶ) ತೆರೆದಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿದೆ. ಮೊದಲೇ ನೋಡಬೇಕಾದ ಜಾಗ ಇದು. ರೆಂಡರಿಂಗ್ ಲ್ಯಾಗ್‌ನ, ಅಂದರೆ ಚಿತ್ರ ಸಿದ್ಧವಾಗುವುದು ತಡವಾಗಿ ತಪ್ಪಿದ ಫ್ರೇಮುಗಳ (ಬಿಡಿ ಚಿತ್ರಗಳ) ಸಾಲು ಹೆಚ್ಚುಕಡಿಮೆ ಸೊನ್ನೆ. ಎನ್‌ಕೋಡಿಂಗ್, ಅಂದರೆ ಚಿತ್ರ ಕುಗ್ಗಿಸುವ ಕೆಲಸದ ಲ್ಯಾಗ್‌ನ ಸಾಲಿನಲ್ಲಿ 36,000 ಫ್ರೇಮುಗಳ ಪೈಕಿ 7,000ಕ್ಕೂ ಮಿಕ್ಕಿ ಹೋಗಿತ್ತು. ಚಿತ್ರ ಸಿಗುತ್ತಿತ್ತು, ಅದನ್ನು ಕುಗ್ಗಿಸುವಷ್ಟರಲ್ಲಿ ಪ್ರೊಸೆಸರಿಗೆ ಉಸಿರು ಹೋಗುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು 17 ಮಿಲಿಸೆಕೆಂಡೂ ಇಲ್ಲ. ನಾನು ಬಳಸುತ್ತಿದ್ದ ಎಕ್ಸ್264 ಎನ್‌ಕೋಡರ್ ಆ ಕುಗ್ಗಿಸುವ ಕೆಲಸವನ್ನೆಲ್ಲ ಪ್ರೊಸೆಸರಿನ ತಲೆಗೇ ಕಟ್ಟುತ್ತದೆ.

ಇಂಟೆಲ್ ಲ್ಯಾಪ್‌ಟಾಪಿನ ಗ್ರಾಫಿಕ್ಸ್‌ನಲ್ಲಿ ವೀಡಿಯೊ ಕುಗ್ಗಿಸಲೆಂದೇ ಕ್ವಿಕ್‌ಸಿಂಕ್ ಎಂಬ ಭಾಗ ಇರುತ್ತದೆ. ನನಗೆ ಆ ಆಯ್ಕೆಯೇ ಸಿಗದೆ ಅರ್ಧ ದಿನ ಹೋಯಿತು! ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ರೆಕಾರ್ಡಿಂಗ್ ಕ್ವಾಲಿಟಿ 'ಸೇಮ್ ಆ್ಯಸ್ ಸ್ಟ್ರೀಮ್' ಎಂದಿದ್ದರೆ ರೆಕಾರ್ಡಿಂಗ್‌ಗೆ ಬೇರೆ ಎನ್‌ಕೋಡರ್ ಆರಿಸಲು ಬರುವುದಿಲ್ಲ. ಅದನ್ನು 'ಹೈ ಕ್ವಾಲಿಟಿ' ಮಾಡಿದ ಮೇಲೆ ಹಾರ್ಡ್‌ವೇರ್ ಕ್ಯೂಎಸ್‌ವಿ ಎಂದು ಆ ಕ್ವಿಕ್‌ಸಿಂಕ್ ಕಾಣಿಸಿತು. ಬದಲಾಯಿಸಿದ ಕೂಡಲೇ ಎನ್‌ಕೋಡಿಂಗ್ ಲ್ಯಾಗ್‌ನ ಸಾಲೂ ಸೊನ್ನೆಗೆ ಬಂತು. 60 ಬಿಟ್ಟು 30 ಫ್ರೇಮಿಗೂ ಇಳಿದೆ. ಗಣಿತಕ್ಕೆ ಅದು ಧಾರಾಳ ಸಾಕು.

ಮುಗಿಯಿತು ಎಂದುಕೊಂಡಿದ್ದೆ. ಜೂನ್ ಮಳೆ ಹಿಡಿದದ್ದೇ ಮತ್ತೆ ಶುರು, ಈ ಸಲ ಏರುತ್ತಿದ್ದದ್ದು ರೆಂಡರಿಂಗ್ ಲ್ಯಾಗ್. ಎರಡು ದಿನ ಪೆದ್ದಿಯ ಹಾಗೆ ಸೆಟ್ಟಿಂಗ್ ತಿರುಗಿಸಿದ ಮೇಲೆ ಗೊತ್ತಾಯಿತು, ಅದು ಬರುವುದು ಕರೆಂಟ್ ಹೋದಾಗ ಮಾತ್ರ. ಬ್ಯಾಟರಿಗೆ ಬಂದ ಕೂಡಲೇ ಲ್ಯಾಪ್‌ಟಾಪ್ ಚಾರ್ಜ್ ಉಳಿಸಲು ತನ್ನ ವೇಗ ತಗ್ಗಿಸುತ್ತಿತ್ತು. ವಿಂಡೋಸ್‌ನ ಪವರ್ ಮೋಡನ್ನು 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ಹಾಕಿದ್ದರಿಂದ ಬಹಳ ಮಟ್ಟಿಗೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಅದರ ನಡುವೆ ಒಮ್ಮೆ ಬ್ಯಾಟರಿ ಮುಗಿದು ಲ್ಯಾಪ್‌ಟಾಪೇ ಆರಿಹೋಗಿ, ನಲ್ವತ್ತು ನಿಮಿಷದ ಎಂಪಿ4 ಫೈಲ್ ತೆರೆಯಲೇ ಇಲ್ಲ. ಅಂದಿನಿಂದ ಎಂಕೆವಿ ಎಂಬ ಇನ್ನೊಂದು ವೀಡಿಯೊ ಫೈಲ್ ರೂಪದಲ್ಲೇ ಉಳಿಸುತ್ತೇನೆ. ನಡುವೆ ನಿಂತರೂ ಅಷ್ಟರವರೆಗಿನದ್ದು ಸಿಗುತ್ತದೆ, ಆಮೇಲೆ ಒಬಿಎಸ್‌ನ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ (ಫೈಲಿನ ರೂಪ ಬದಲಿಸುವ ಆಯ್ಕೆ) ಎಂಪಿ4 ಮಾಡಿಕೊಂಡರಾಯಿತು. ಕರೆಂಟ್ ಹೋದರೆ ಈಗ ಪಾಠವನ್ನೂ ಅಲ್ಲಿಗೇ ನಿಲ್ಲಿಸುತ್ತೇನೆ.