ಗಾರೆಯೊಳಗಿನ ಕಡ್ಡಿಯಿಂದ ಹಾಳೂರಿನ ವಯಸ್ಸು ಹಿಡಿದೆ

ಗೋಡೆಯ ಗಾರೆಯಲ್ಲಿ ಸಿಗುವ ಇದ್ದಿಲಿನಿಂದ ಊರಿನ ವಯಸ್ಸು ಹೇಳ್ತೀನಿ ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ಕಡಲ ದಂಡೆಯಲ್ಲಿ ನಾಲ್ಕಾರು ಮನೆಗಳ ಅಡಿಪಾಯ, ಒಂದು ಬಾವಿ, ಅಷ್ಟೇ. ಶಾಸನವಿಲ್ಲ, ನಾಣ್ಯವಿಲ್ಲ. ಮಡಕೆ ಚೂರುಗಳನ್ನು ಅಲೆಗಳು ಕಲಸಿಹಾಕಿವೆ. ಈಗ ಫಲಿತಾಂಶ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಮೊದಲು ಹೋಗಿದ್ದು ನೆಲದೊಳಗಿನ ಗೋಡೆ ಹುಡುಕುವ ರೇಡಾರ್ ಬಾಡಿಗೆಗೆ. ಉಪ್ಪುನೀರು ಕುಡಿದ ಮರಳಲ್ಲಿ ಸಿಗ್ನಲ್ ಮೊಣಕಾಲುದ್ದವೂ ಇಳಿಯಲಿಲ್ಲ. ಬಜೆಟ್ಟಿನ ಮೂರರಲ್ಲೊಂದು ಪಾಲು ಅಲ್ಲೇ ಕರಗಿತು. ಆಮೇಲೆ ಕಸದ ಗುಂಡಿಯ ಚಿಪ್ಪು ಕಾರ್ಬನ್ ಡೇಟಿಂಗಿಗೆ, ಅಂದರೆ ಉಳಿದ ಕಾರ್ಬನ್-14 ಅಳೆದು ವಯಸ್ಸು ಹೇಳುವ ಪರೀಕ್ಷೆಗೆ, ಲ್ಯಾಬಿಗೆ ಹೋಯಿತು. 11ನೇ ಶತಮಾನ ಅಂತ ಬಂತು. ತಂಡಕ್ಕೆಲ್ಲ ಖುಷಿ, ನನಗೆ ಮಾತ್ರ ಸಮಾಧಾನವಿಲ್ಲ. ಕಡಲ ನೀರಿನ ಹಳೆ ಕಾರ್ಬನ್ನಿನಿಂದ ಚಿಪ್ಪಿನ ವಯಸ್ಸು ಸರಾಸರಿ 400 ವರ್ಷ ಜಾಸ್ತಿ ಕಾಣುತ್ತದೆ ಅಲ್ವಾ? ಅದೂ ಒಂದೊಂದು ದಂಡೆಗೆ ಒಂದೊಂದು ಲೆಕ್ಕ. ಗಾರೆಯನ್ನೇ ಕೊಟ್ಟು ನೋಡಿದೆವು. ಸುಣ್ಣಕ್ಕೆಂದು ಸುಡುವಾಗ ಸರಿಯಾಗಿ ಬೇಯದ ಚಿಪ್ಪಿನ ಚೂರುಗಳು ಅದನ್ನೂ ಹಿಂದಕ್ಕೆ ಎಳೆದವು.

ಉಳಿದದ್ದು ಇದ್ದಿಲು. ಸುಣ್ಣದ ಗೂಡಿನ ಸೌದೆಯ ಚೂರು ಗಾರೆಯಲ್ಲಿ ಸೇರಿರುತ್ತದೆ. ದಪ್ಪ ದಿಮ್ಮಿಯ ತಿರುಳಾದರೆ ಮರದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸಣ್ಣ ಕಡ್ಡಿಗಳನ್ನಷ್ಟೇ ಆರಿಸಿದೆ. ಒಂದಂತೂ ಬೆಂಕಿಕಡ್ಡಿಗಿಂತ ತುಸು ದಪ್ಪ, ಒಂದು ಬದಿಗೆ ತೊಗಟೆ ಹಾಗೇ ಅಂಟಿಕೊಂಡಿತ್ತು. ಅಡ್ಡ ಮುರಿದು ಲೆನ್ಸ್ ಹಿಡಿದರೆ ಎರಡೋ ಮೂರೋ ಉಂಗುರ. ಗಾರೆ ಅಡಿಪಾಯದ ಕೆಳಸಾಲಿನದೇ ಆಗಬೇಕು, ಮೇಲಿನದು ರಿಪೇರಿಯದ್ದಿರಬಹುದು. ಕಡ್ಡಿ ಪುಡಿಯಾಗದಂತೆ ಬಿಡಿಸುವ ಬಗೆ ನನ್ನ ಹತ್ತಿರವೇ ಇರಲಿ. ಕಾರ್ಬನ್ ಪರಮಾಣುಗಳನ್ನೇ ಎಣಿಸುವ ಏಎಂಎಸ್ ಪರೀಕ್ಷೆಗೆ ಕೆಲವು ಮಿಲಿಗ್ರಾಂ ಸಾಕು. ದುಬಾರಿ ನಿಜ, ಆದರೆ ರೇಡಾರಿಗೆ ಸುರಿದ ದುಡ್ಡಲ್ಲಿ ಹತ್ತು ಸ್ಯಾಂಪಲ್ಲಾದರೂ ಮಾಡಿಸಬಹುದಿತ್ತು.

ನಡುವೆ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿದ್ದೂ ಉಂಟು. ಆ ಗಾಳಿಗೆ ನಮ್ಮ ಡ್ರೋನ್ ನಿಲ್ಲುತ್ತಿರಲಿಲ್ಲ. ಬೇಸಿಗೆಯ ಕೊನೆಗೆ ತೆಗೆದ ಫೋಟೋಗಳಲ್ಲಿ ಹುಲ್ಲಿನ ಮಧ್ಯೆ ನೇರ ಹಳದಿ ಗೆರೆಗಳು ಕಂಡವು. ಗೋಡೆಯ ಮೇಲೆ ಮಣ್ಣು ತೆಳು, ಅಲ್ಲಿ ಹುಲ್ಲು ಬೇಗ ಒಣಗುತ್ತದೆ. ರೇಡಾರ್ ತೋರಿಸದ ಎರಡು ಕೋಣೆ ಹೀಗೆ ಸಿಕ್ಕವು.

ಬೇರೆ ಬೇರೆ ಗೋಡೆಗಳ ಕಡ್ಡಿಗಳೆಲ್ಲ ಹೆಚ್ಚುಕಮ್ಮಿ 1450ರಿಂದ 1500ರೊಳಗೆ ಬಂದು ನಿಂತವು. ಇಷ್ಟು ಹತ್ತಿರ ಬರುತ್ತವೆ ಅಂತ ನಾನೂ ಅಂದುಕೊಂಡಿರಲಿಲ್ಲ. ಸುಮಾರು 1650ರ ಈಚಿನ ಊರಿಗೆ ಮಾತ್ರ ಇದನ್ನು ನಂಬಿ ದುಡ್ಡು ಹಾಕಬೇಡಿ. ಅಲ್ಲಿ ಕಾರ್ಬನ್ ಅಳತೆಯನ್ನು ಕ್ಯಾಲೆಂಡರ್ ವರ್ಷಕ್ಕೆ ಬದಲಿಸುವ ಕ್ಯಾಲಿಬ್ರೇಶನ್ ಗೆರೆ ಚಪ್ಪಟೆ, ಉತ್ತರ 300 ವರ್ಷದ ಉದ್ದಕ್ಕೂ ಹರಡಿಕೊಳ್ಳುತ್ತದೆ. ಅಂಥ ಕಡೆ ಮಡಕೆ, ನಾಣ್ಯಗಳನ್ನೇ ಹುಡುಕಬೇಕು.