ರೈಲು ಬಿಟ್ಟುಕೊಟ್ಟ ದಾರಿಯಲ್ಲಿ ಸೈಕಲ್

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಮುಂಬೈ ಕನ್ನಡಿಗರು ಹೆಚ್ಚಾಗಿ ಹೇಳುವುದು ಒಂದೇ ಮಾತು: ಕಾರಿಲ್ಲದೆ ಅಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಮಗಳ ಮನೆಯ ಹತ್ತಿರವೇ ಹಾದುಹೋಗುವ ಡಬ್ಲ್ಯೂ ಆಂಡ್ ಓಡಿ ಟ್ರೇಲ್ ನೋಡಿದ ಮೇಲೆ ನಾನು ಆ ಮಾತು ಒಪ್ಪುವುದಿಲ್ಲ. ವಾಷಿಂಗ್ಟನ್ ಆಂಡ್ ಓಲ್ಡ್ ಡೊಮಿನಿಯನ್ ರೈಲು ಮಾರ್ಗ 1968ರಲ್ಲಿ ನಿಂತುಹೋಯಿತು. ಹಳಿ ಕಿತ್ತ ಜಾಗಕ್ಕೆ ಡಾಂಬರು ಹಾಕಿ, ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಟ್ಟರು. ಪೂರ್ತಿಯಾದದ್ದು 1988ರಲ್ಲಿ. ಶರ್ಲಿಂಗ್ಟನ್‌ನಿಂದ ಪರ್ಸೆಲ್‌ವಿಲ್‌ವರೆಗೆ ಸುಮಾರು 72 ಕಿ.ಮೀ.

ಅರವತ್ತು ದಾಟಿದವರಿಗೆ ಈ ದಾರಿ ಒಗ್ಗುವುದಕ್ಕೆ ಕಾರಣ ರೈಲೇ. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವವರೆಲ್ಲ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಇಂಜಿನ್ ಜೋಡಿಸುವುದನ್ನು ಕಂಡವರೇ. ಭೋರ್ ಘಾಟ್‌ನಲ್ಲಿ 37 ಅಡಿಗೆ ಒಂದಡಿ ಏರು, ಅಷ್ಟಕ್ಕೇ ಆ ಪಾಡು. ಹಾಗಾಗಿ ಹಳಿ ಹಾಕುವವರು ಗುಡ್ಡ ಸೀಳಿ, ತಗ್ಗಿಗೆ ಮಣ್ಣು ತುಂಬಿ ದಾರಿಯನ್ನು ಹದಕ್ಕೆ ತರುತ್ತಾರೆ. ರೈಲು ಹೋದರೂ ಆ ಹದ ಉಳಿದಿದೆ, ನಮ್ಮ ಮಂಡಿಗಳಿಗೆ ಅದೇ ವರ.

ಹೊರಡುವ ಮೊದಲು ಕೆಲವು ತಿಂಗಳು ಬೋರಿವಲಿ ನ್ಯಾಷನಲ್ ಪಾರ್ಕ್‌ನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಸೈಕಲ್ ಹೊಡೆದೆ. ಕನ್ಹೇರಿ ಗುಹೆಗಳ ಹತ್ತಿರದ ಏರಿನಲ್ಲಿ ಇಳಿದು ತಳ್ಳುತ್ತಿದ್ದವಳು, ಬರಬರುತ್ತ ಗೇರ್ ಇಳಿಸಿಕೊಂಡು ಕೂತೇ ಹತ್ತುವಂತಾದೆ. ಅಷ್ಟು ರೂಢಿಯಿದ್ದರೆ ಸಾಕು.

ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬ್ರೇಕ್. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್, ಅಲ್ಲಿ ಎಡಗೈಯದು. ಅಭ್ಯಾಸಬಲದಿಂದ ಎಡಗೈ ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರ ತಟಕ್ಕನೆ ನಿಲ್ಲುತ್ತದೆ. ಮಗಳು ಮನೆ ಮುಂದಿನ ಖಾಲಿ ಜಾಗದಲ್ಲಿ, "ಅಮ್ಮಾ, ಎರಡೂ ಕೈಯಿಂದ ಮೆಲ್ಲಗೆ ಒತ್ತು" ಎನ್ನುತ್ತ ಸುತ್ತು ಹಾಕಿಸಿದಳು. ದಾರಿಯ ಬಲಗಡೆಯೇ ಇರಬೇಕು. ಹಿಂದಿನವರು ದಾಟುವಾಗ "ಆನ್ ಯುವರ್ ಲೆಫ್ಟ್" ಎಂದು ಕೂಗುತ್ತಾರೆ. ಗಾಬರಿಯಾಗಿ ತಿರುಗಿ ನೋಡದೆ ನೇರ ಹೋಗುತ್ತಿರಬೇಕು. ರಸ್ತೆ ಅಡ್ಡ ಬಂದಲ್ಲೆಲ್ಲ ಇಳಿದೇ ದಾಟಿದೆ.

ಆಶ್‌ಬರ್ನ್ ಕಡೆಯ ಭಾಗ ಅಷ್ಟೇನೂ ಚಂದವಿಲ್ಲ. ತಲೆಯ ಮೇಲೆ ಹೈಟೆನ್ಷನ್ ತಂತಿ, ಪಕ್ಕದಲ್ಲಿ ಡೇಟಾ ಸೆಂಟರ್‌ಗಳ ಕಿಟಕಿಯಿಲ್ಲದ ಗೋಡೆಗಳು. ಸೊಗಸು ಶುರುವಾಗುವುದು ಪರ್ಸೆಲ್‌ವಿಲ್ ಕಡೆಗೆ ಹೋಗುತ್ತ ಲೀಸ್‌ಬರ್ಗ್ ಊರು ದಾಟಿದ ಮೇಲೆ. ಮರಗಳ ನಡುವೆ ದಾರಿ ಸಣ್ಣಗೆ ಏರುತ್ತದೆ, ಏರುತ್ತಿರುವುದು ಗೊತ್ತಾಗುವುದು ಉಸಿರಿನಿಂದ ಮಾತ್ರ. ಕ್ಲಾರ್ಕ್ಸ್ ಗ್ಯಾಪ್ ಇಡೀ ಮಾರ್ಗದ ಅತಿ ಎತ್ತರದ ಜಾಗ. ಅಲ್ಲಿ ಹಳೆಯ ಕಲ್ಲಿನ ಕಮಾನು ಸೇತುವೆಯ ಕೆಳಗೆ ದಾರಿ ನುಸುಳುತ್ತದೆ. ಸೈಕಲ್ ಒರಗಿಸಿ ಕಲ್ಲಿಗೆ ಕೈ ಇಟ್ಟೆ. ತಣ್ಣಗೆ, ತೇವವಾಗಿ, ಸಂದುಗಳಲ್ಲಿ ಪಾಚಿ. ಉಗಿಬಂಡಿಗಳು ಇದರಡಿಯೇ ಹೊಗೆಯುಗುಳುತ್ತ ಹೋಗಿದ್ದವು ಎಂದುಕೊಂಡಾಗ ಬಹಳ ಹೊತ್ತು ಅಲ್ಲಿಂದ ಏಳಲು ಮನಸ್ಸೇ ಆಗಲಿಲ್ಲ.

ನಮ್ಮವರಿಗೆ ಸೈಕಲ್ ಆಗುವುದಿಲ್ಲ. ಅವರನ್ನು ಮಗಳು ಪಿಯೋನಿಯನ್ ಸ್ಪ್ರಿಂಗ್ಸ್‌ನಲ್ಲಿ ಕಾರಿನಿಂದ ಇಳಿಸಿದಳು, ಹ್ಯಾಮಿಲ್ಟನ್‌ವರೆಗೆ ನಡೆದರು. ಸಮತಟ್ಟಾದ ದಾರಿ, ಆದ್ದರಿಂದ ಕೋಲು ಕೈಯಲ್ಲೇ ಉಳಿಯಿತು. ಮನೆಯಲ್ಲಿ ಒಬ್ಬರಿಗೆ ಸೈಕಲ್, ಒಬ್ಬರಿಗೆ ನಡಿಗೆ ಎಂದು ಹೀಗೆ ಹಂಚಿಕೊಂಡರೆ ಯಾರೂ ಕಾರಿನಲ್ಲಿ ಕಾಯುತ್ತ ಕೂರಬೇಕಿಲ್ಲ.

ಅಕ್ಟೋಬರ್ ಒಳ್ಳೆಯ ಕಾಲ, ಎಲೆಗಳ ಬಣ್ಣ ತಿರುಗಿರುತ್ತದೆ, ಬೆವರೂ ಇಲ್ಲ. ಮೊದಲ ಸಲ ಹೋಗುವವರು ಲೀಸ್‌ಬರ್ಗ್‌ನಿಂದ ಹತ್ತುವ ಬದಲು ಪರ್ಸೆಲ್‌ವಿಲ್‌ನ ಹಳೆಯ ಸ್ಟೇಷನ್ ನೋಡಿಕೊಂಡು ಅಲ್ಲಿಂದಲೇ ಹೊರಡಿ. ಕ್ಲಾರ್ಕ್ಸ್ ಗ್ಯಾಪ್ ದಾಟಿದ ಮೇಲೆ ಲೀಸ್‌ಬರ್ಗ್‌ವರೆಗೆ ಇಳಿಜಾರು. ಒಟ್ಟು ಹದಿನೇಳು ಹದಿನೆಂಟು ಕಿ.ಮೀ. ಕಾರನ್ನು ಲೀಸ್‌ಬರ್ಗ್‌ಗೆ ಬರಹೇಳಿ.