ಕಾಫಿ ತೋಟದಲ್ಲಿ ಹಕ್ಕಿ ಗುರುತಿಸಲು ಕೈಪಿಡಿಯನ್ನು ಬಳಸುವ ಬಗೆ

ಹಕ್ಕಿಗಳ ಕೈಪಿಡಿಯನ್ನು ತೋಟಕ್ಕೆ ಒಯ್ಯುವ ಮೊದಲು ಮನೆಯಲ್ಲಿ ಕುಳಿತು ಓದಬೇಕು. ಭಾರತ ಉಪಖಂಡವನ್ನೆಲ್ಲ ಒಳಗೊಳ್ಳುವ ಪುಸ್ತಕಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊಡಗಿನ ಕಡೆ ಸುಳಿಯುವುದೇ ಇಲ್ಲ. ಕೊಡವರ ಕಕ್ಕಡ ತಿಂಗಳ ಮಳೆ ಹೊರಗೆ ಹೆಜ್ಜೆಯಿಡಲು ಬಿಡದ ದಿನಗಳಲ್ಲಿ ಪ್ರತಿ ಹಕ್ಕಿಯ ವ್ಯಾಪ್ತಿಯ ನಕ್ಷೆಯನ್ನು ನೋಡಿ, ಪಶ್ಚಿಮ ಘಟ್ಟದ ದಕ್ಷಿಣ ಭಾಗಕ್ಕೆ ಬಣ್ಣ ತುಂಬಿರುವ ಜಾತಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅವು ವರ್ಷವಿಡೀ ಇರುವವೋ ಚಳಿಗಾಲಕ್ಕೆ ಮಾತ್ರ ಬರುವವೋ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳಿ. ನಕ್ಷೆಯನ್ನು ಬಿಟ್ಟು ಬರೀ ಚಿತ್ರ ನೋಡಿ ಹೆಸರು ಹೇಳುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಬೂದು ಮಂಗಟ್ಟೆಗಳನ್ನೇ ತೆಗೆದುಕೊಳ್ಳಿ. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟಗಳ ಹಕ್ಕಿ, ಅದರ ಕೊಕ್ಕಿನ ಮೇಲೆ ಉಬ್ಬು ಇರುವುದಿಲ್ಲ. ಒಣ ಕಾಡುಗಳ ಬೂದು ಮಂಗಟ್ಟೆಗೆ ಆ ಉಬ್ಬು ಇದೆ. ಭಾಗಮಂಡಲದ ಕಡೆಯ ತೇವದ ಕಾಡಿನಲ್ಲಿ ನಿಂತವರು ಮೊದಲು ಯಾವ ಪುಟವನ್ನು ನೆನೆಯಬೇಕೆಂಬುದನ್ನು ನಕ್ಷೆಯೇ ಹೇಳಿಬಿಡುತ್ತದೆ.

ತೋಟಕ್ಕಿಳಿದ ಮೇಲೆ ಪುಸ್ತಕ ಚೀಲದಲ್ಲಿರಲಿ. ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ ದುರ್ಬೀನು ನೆರಳಿನ ತೋಟಕ್ಕೆ ಚೆನ್ನಾಗಿ ಒದಗುತ್ತದೆ. ಹಕ್ಕಿ ಕಣ್ಣೆದುರಿಗೆ ಇರುವಷ್ಟು ಹೊತ್ತೂ ಅದನ್ನೇ ನೋಡಿ, ಮೊದಲು ಗಾತ್ರವನ್ನು ಅಂದಾಜು ಮಾಡಿ. 1941ರಲ್ಲಿ ಮೊದಲು ಪ್ರಕಟವಾದ ಭಾರತೀಯ ಹಕ್ಕಿಗಳ ಪುಸ್ತಕದಲ್ಲಿ ಸಲೀಂ ಅಲಿಯವರು ಗುಬ್ಬಿ, ಪಿಕಳಾರ, ಗೊರವಂಕ, ಕಾಗೆಯಂಥ ಪರಿಚಿತ ಹಕ್ಕಿಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಸೆಂಟಿಮೀಟರಿನ ಲೆಕ್ಕಕ್ಕಿಂತ ‘ಗೊರವಂಕಕ್ಕಿಂತ ತುಸು ದೊಡ್ಡದು’ ಎಂಬ ಟಿಪ್ಪಣಿ ಇಂದಿಗೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅನಂತರ ಕೊಕ್ಕಿನ ಆಕಾರ, ಬಾಲದ ಉದ್ದ, ಕುಳಿತ ಎತ್ತರ, ಓಡಾಡುವ ರೀತಿಗಳನ್ನು ಗಮನಿಸಿ. ಬಣ್ಣ ಕೊನೆಗಿರಲಿ, ಏಕೆಂದರೆ ಸಿಲ್ವರ್ ಓಕ್ ಮತ್ತು ಹಲಸಿನ ಎತ್ತರದ ಕೊಂಬೆಗಳಲ್ಲಿ ಆಕಾಶಕ್ಕೆ ಎದುರಾಗಿ ಕುಳಿತ ಹಸಿರು ಹಕ್ಕಿಯೂ ಕೆಳಗಿನಿಂದ ಕಪ್ಪಾಗಿಯೇ ಕಾಣುತ್ತದೆ.

ಚಲನೆಯೊಂದೇ ಹೆಸರನ್ನು ಹೇಳಿಬಿಡುವುದೂ ಉಂಟು. ಚಳಿಗಾಲದಲ್ಲಿ ತೋಡಿನ ಕಲ್ಲುಗಳ ಮೇಲೆ ಓಡಾಡುವ ಬೂದು ಕುಂಡೆಕುಸುಕ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ಅದೇ ಕಾಲದಲ್ಲಿ ಕಾಫಿ ಗಿಡಗಳ ಬುಡದ ತರಗೆಲೆಗಳಲ್ಲಿ ಹುಳು ಹುಡುಕುವ ಕಾಡು ಕುಂಡೆಕುಸುಕ ಬಾಲದ ಜೊತೆಗೆ ಹಿಂಭಾಗವನ್ನೂ ಅಕ್ಕಪಕ್ಕಕ್ಕೆ ತೂಗುತ್ತದೆ. ಇದನ್ನು ಕಂಡ ಮೇಲೆ ಎದೆಯ ಎರಡು ಕಪ್ಪು ಪಟ್ಟಿಗಳನ್ನು ಪುಸ್ತಕದ ಚಿತ್ರದೊಡನೆ ಹೋಲಿಸಿದರೆ ಸಂಶಯ ಉಳಿಯುವುದಿಲ್ಲ. ಕಾಜಾಣಗಳಲ್ಲಿ ಮುಖವನ್ನು ನೋಡಬೇಕು: ಗದ್ದೆಯ ತಂತಿಯ ಮೇಲೆ ಕೂರುವ ಕಪ್ಪು ಕಾಜಾಣಕ್ಕೆ ಬಾಯಿಯ ಮೂಲೆಯಲ್ಲಿ ಸಾಮಾನ್ಯವಾಗಿ ಸಣ್ಣ ಬಿಳಿ ಚುಕ್ಕೆ ಇರುತ್ತದೆ, ಚಳಿಗಾಲದ ಅತಿಥಿಯಾದ ಬೂದು ಕಾಜಾಣಕ್ಕೆ ಕಡುಗೆಂಪು ಕಣ್ಣು. ಭೀಮರಾಜನ ಬಾಲದ ಉದ್ದ ಗರಿಗಳು ಉದುರಿದ್ದರೂ ಹಣೆಯ ಮೇಲಿನ ಜುಟ್ಟು ಗುರುತು ಹೇಳುತ್ತದೆ. ಹೊಂಬೆನ್ನಿನ ಮರಕುಟಿಕ ಕಂಡರೆ ಅದು ಹಾರುವ ತನಕ ಕಾಯಿರಿ. ಬಾಲ ಸೇರುವಲ್ಲಿ ಬೆನ್ನಿನ ತುದಿ ಕಪ್ಪೋ ಕೆಂಪೋ ಎಂಬುದು ಆಗ ಮಾತ್ರ ಸ್ಪಷ್ಟವಾಗುತ್ತದೆ.

ಕುಟ್ರ ಹಕ್ಕಿಯ ಕೂಗು ಇಡೀ ತೋಟದಲ್ಲಿ ಕೇಳಿಸಿದರೂ ಎಲೆಗಳ ನಡುವೆ ಹಕ್ಕಿ ಕಾಣುವುದು ಅಪರೂಪ. ಇಂಥ ಹಕ್ಕಿಗಳ ದನಿಯನ್ನು ಪುಸ್ತಕ ಬರೆದಂತೆ ಅಲ್ಲ, ನಿಮ್ಮ ಕಿವಿಗೆ ಕೇಳಿದಂತೆ ಕನ್ನಡದಲ್ಲೇ ಬರೆದುಕೊಳ್ಳಿ. ದನಿಮುದ್ರಣವನ್ನು ನುಡಿಸಿ ಹಕ್ಕಿಯನ್ನು ಕರೆಯುವುದನ್ನು, ಮುಖ್ಯವಾಗಿ ಗೂಡಿನ ಕಾಲದಲ್ಲಿ, ದಯವಿಟ್ಟು ಮಾಡಬೇಡಿ.

ಹಕ್ಕಿ ಹಾರಿಹೋದ ಮೇಲೆ ದಿನಾಂಕ, ವೇಳೆ, ಜಾಗ, ಕುಳಿತ ಮರ ಮತ್ತು ಕಂಡ ಲಕ್ಷಣಗಳನ್ನು ಅಲ್ಲಿಯೇ ಬರೆದು, ಆಮೇಲೆ ಪುಸ್ತಕವನ್ನು ತೆರೆಯಿರಿ. ಗಂಡು, ಹೆಣ್ಣು, ಮರಿಗಳ ಚಿತ್ರಗಳನ್ನು ಬೇರೆ ಬೇರೆಯಾಗಿ ನೋಡಬೇಕು. ರಾಜಹಕ್ಕಿಯ ಬಿಳಿ ಗಂಡನ್ನು ಮಾತ್ರ ಬಲ್ಲವರಿಗೆ ಅದರ ಕಂದು ಹೆಣ್ಣು ಬೇರೆಯೇ ಹಕ್ಕಿಯಂತೆ ತೋರುತ್ತದೆ. ಖಚಿತವಾಗದಿದ್ದರೆ ‘ಮರಕುಟಿಕ, ಜಾತಿ ತಿಳಿಯದು’ ಎಂದಷ್ಟೇ ಬರೆಯಿರಿ, ಊಹೆಯನ್ನು ದಾಖಲೆಯಾಗಿಸಬೇಡಿ. ಹೆಸರಿನ ಜೊತೆ ವೈಜ್ಞಾನಿಕ ಹೆಸರನ್ನೂ ಸೇರಿಸುವುದು ಒಳ್ಳೆಯದು: ಹಳೆಯ ಪುಸ್ತಕಗಳಲ್ಲಿ ಮೆಗಲೈಮಾ ವಿರಿಡಿಸ್ ಎಂದಿದ್ದ ಬಿಳಿಗೆನ್ನೆಯ ಕುಟ್ರ ಹೊಸ ಪುಸ್ತಕಗಳಲ್ಲಿ ಸಿಲೋಪೋಗಾನ್ ವಿರಿಡಿಸ್ ಆಗಿರುವುದರಿಂದ, ಎರಡು ಪುಸ್ತಕಗಳನ್ನು ಹೋಲಿಸುವಾಗ ಬದಲಾಗದೆ ಉಳಿದ ಎರಡನೆಯ ಪದವನ್ನು ಹಿಡಿದು ಹುಡುಕಬಹುದು.